ಮೂರು ಕಾರು, 20 ವರ್ಷ, ಪುಣೆ–ಧಾರವಾಡ ರೋಡು: ಸೇಫ್ಟಿ ಫೀಚರ್‌ಗಳಲ್ಲಿ ನನಗೆ ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು

ಮನೆ ಪುಣೆಯ ಕೋಥ್ರೂಡ್, ಊರು ಧಾರವಾಡ, ವರ್ಷಕ್ಕೆ ಐದಾರು ಸಲ ಓಡಾಟ ಇದ್ದೇ ಇರತ್ತೆ. ಕಂಪನಿ ಹೆಸರು ಬರೆಯಲ್ಲ, ನಾನು ಹೇಳ್ತಿರೋದು ಫೀಚರ್ ಬಗ್ಗೆ.

2004ರಲ್ಲಿ ತಗೊಂಡ ಮೊದಲ್ನೇ ಕಾರಲ್ಲಿ ಸೇಫ್ಟಿ ಅಂದ್ರೆ ಬೆಲ್ಟು, ಅಷ್ಟೇ. ಏರ್‌ಬ್ಯಾಗ್ ಇಲ್ಲ, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಇಲ್ಲ. ಮಳೇಲಿ ಜೋರಾಗಿ ಬ್ರೇಕ್ ಒತ್ತಿದ್ರೆ ಚಕ್ರ ಜಾಮ್ ಆಗಿ ಗಾಡಿ ಸೀದಾ ಜಾರೋದು, ಸ್ಟೇರಿಂಗ್ ತಿರುಗಿಸಿದ್ರೂ ಕೇಳ್ತಿರ್ಲಿಲ್ಲ, ಬಿಟ್ಟು ಬಿಟ್ಟು ಒತ್ತಬೇಕು ಅಂತ ಡ್ರೈವಿಂಗ್ ಕಲಿಸಿದವರು ಹೇಳ್ಕೊಟ್ಟಿದ್ರು. 2012ರ ಎರಡನೇ ಕಾರಲ್ಲಿ ಎಬಿಎಸ್ ಬೇಕು ಅಂದ್ರೆ ಮೇಲಿನ ವೇರಿಯಂಟ್ ತಗೋಬೇಕಿತ್ತು, ದುಡ್ಡು ಸಾಲದೆ ಬಿಟ್ಟೆ, ಅದರ ಬದ್ಲು ಅಲಾಯ್ ವೀಲ್ ಹಾಕಿಸಿದ್ದು ಇವತ್ತಿಗೂ ಬೇಜಾರು. 2019ರಿಂದ ಎಬಿಎಸ್, ಡ್ರೈವರ್ ಏರ್‌ಬ್ಯಾಗ್, 80 ದಾಟಿದ್ರೆ ಬೀಪ್, ಹಿಂದೆ ಪಾರ್ಕಿಂಗ್ ಸೆನ್ಸರ್ ಎಲ್ಲಾ ಕಡ್ಡಾಯ ಆಯ್ತಲ್ಲ, ಹಾಗಾಗಿ 2021ರ ಈ ಮೂರನೇ ಕಾರಲ್ಲಿ ಆ ಚೌಕಾಸಿನೇ ಬರ್ಲಿಲ್ಲ. ಸರ್ಕಾರ ಮಾಡಿದ ಒಳ್ಳೆ ಕೆಲಸ ಅದು.

ಆದ್ರೆ ಎಷ್ಟೇ ಫೀಚರ್ ಬಂದ್ರೂ ಎಲ್ಲದಕ್ಕೂ ಬುನಾದಿ ಬೆಲ್ಟೇ. 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ಮಾಡಿದ ಮೂರು ಪಾಯಿಂಟ್ ಬೆಲ್ಟನ್ನ ಕಂಪನಿ ಬೇರೆಯವ್ರಿಗೂ ಬಳಸೋಕೆ ಬಿಟ್ಕೊಡ್ತು, ಇವತ್ತು ನಾವು ಎಳೆದು ಹಾಕ್ಕೊಳ್ಳೋದು ಅದೇ. ಏರ್‌ಬ್ಯಾಗ್ ಕೂಡ ಬೆಲ್ಟ್ ಹಾಕಿದವರಿಗೆ ಅಂತಾನೇ ಮಾಡಿರೋದು, ಬೆಲ್ಟ್ ಇಲ್ದೆ ಮುಂದಕ್ಕೆ ನುಗ್ಗಿದ್ರೆ ಆ ಬ್ಯಾಗೇ ಏಟು ಕೊಡಬಹುದು.

2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಹತ್ರ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಕಾರ್ ಅಪಘಾತದಲ್ಲಿ ತೀರ್ಕೊಂಡಾಗ ಹಿಂದಿನ ಸೀಟಲ್ಲಿ ಬೆಲ್ಟ್ ಹಾಕಿರ್ಲಿಲ್ಲ ಅಂತ ಪೊಲೀಸರು ಹೇಳಿದ್ರು. ಅವತ್ತು ರಾತ್ರಿನೇ ಕೆಳಗಿಳಿದು ನಮ್ ಕಾರಿನ ಹಿಂದಿನ ಸೀಟ್ ನೋಡ್ದೆ. ಸೀಟ್ ಕವರ್ ಹಾಕಿದವನು ಬಕಲ್‌ಗಳನ್ನ ಕವರ್ ಅಡಿಗೆ ತುರುಕಿ ಹೊಲಿದುಬಿಟ್ಟಿದ್ದ! ಕತ್ತರಿ ತಂದು ಹೊಲಿಗೆ ಬಿಚ್ಚಿ ಕೈ ಹಾಕಿದ್ರೆ ಶೇಂಗಾ ಸಿಪ್ಪೆ, ಎರಡು ರೂಪಾಯಿ ನಾಣ್ಯ, ಆಮೇಲೆ ಬಕಲ್. ಒಂದೂವರೆ ವರ್ಷ ನಮ್ಮವ್ವನ್ನ ಹಂಗೇ ಕೂರಿಸಿಕೊಂಡು ಓಡಾಡಿದ್ದೆ.

ಅವ್ವ ಮೊದಲು ಒಪ್ಪಲಿಲ್ಲ. "ಹಿಂದ ಕುಂತವ್ರಿಗೆ ಯಾಕಪಾ ಇದು, ಎಮ್ಮೀ ಕಟ್ಟಿದಂಗ ಕಟ್ತಿ" ಅಂದ್ಳು. ಸೆರಗು ಸರಿ ಮಾಡಿ, ಕೆಳಗಿನ ಪಟ್ಟಿ ಹೊಟ್ಟೆ ಮೇಲೆ ಬರದೆ ಸೊಂಟದ ಎಲುಬಿನ ಮೇಲೆ ಕೂರೋ ಹಾಗೆ ಹಾಕಿದ ಮೇಲೆ ಗೊಣಗೋದು ನಿಲ್ತು.

ಹೋದ ಜುಲೈನಲ್ಲಿ ಊರಿಂದ ವಾಪಸ್ ಬರ್ತಾ ಖಂಬಾಟಕಿ ಸುರಂಗ ದಾಟಿ ಇಳಿಜಾರಲ್ಲಿ ತಿರುಗ್ತಿದ್ದ ಹಾಗೆ ಎದುರಿಗೆ ಟೆಂಪೋ ನಿಂತಿತ್ತು, ಧೋ ಅಂತ ಮಳೆ. ಪೂರ್ತಿ ಒತ್ತಿದೆ. ಕಾಲಡಿ ಪೆಡಲ್ ಗರಗರ ಅಂತ ನಡುಗ್ತು, ಅದು ಎಬಿಎಸ್ ಕೆಲಸ ಮಾಡೋ ಸದ್ದು, ಹೆದರಿ ಕಾಲು ತೆಗೀಬೇಡಿ. ಸ್ಟೇರಿಂಗ್ ಕೈಲಿತ್ತು, ಎಡಕ್ಕೆ ಎಳೆದೆ, ತಪ್ಪಿತು. ಅವ್ವನ ಭುಜದ ಮೇಲೆ ಬೆಲ್ಟಿನ ಕೆಂಪು ಬರೆ ಮೂರು ದಿನ ಇತ್ತು, ಅಷ್ಟೇ. ಮಗಳು ಐಸೋಫಿಕ್ಸ್ ಸೀಟಲ್ಲಿ (ಕಾರಿನ ಕೊಂಡಿಗೇ ಗಟ್ಟಿಯಾಗಿ ಸಿಕ್ಕಿಸೋ ಮಕ್ಕಳ ಸೀಟು) ನಿದ್ದೆಯಿಂದ ಎದ್ದು ಅತ್ತಳು.

ಈಗಿನ ಕಾರಿನ ಸೇಫ್ಟಿಗೆ 5ಕ್ಕೆ 4 ಕೊಡ್ತೀನಿ. ಹಿಂದಿನ ಸೀಟಿಗೆ ಬೆಲ್ಟ್ ರಿಮೈಂಡರ್ ಇಲ್ಲ, ಅದಕ್ಕೆ ಒಂದು ಕಟ್. ಸೀಟ್ ಕವರ್ ಹಾಕ್ಸೋವಾಗ ಪಕ್ಕದಲ್ಲೇ ನಿಂತು ಬಕಲ್ ಹೊರಗೆ ಬಂದಿದ್ಯಾ ನೋಡ್ಕೊಳ್ಳಿ, ಸೀಟಲ್ಲೇ ಸೈಡ್ ಏರ್‌ಬ್ಯಾಗ್ ಇದ್ರೆ ಅದಕ್ಕೆ ಹೊಂದೋ ಕವರೇ ಹಾಕ್ಸಿ.