ಪಡುಗೋಡೆಗೆ ಸುಣ್ಣದ ಗಾರೆ: ಎಂಟು ಮಳೆಗಾಲ ಕಳೆದ ಮೇಲೆ

ಈ ಸಲ ಆಟಿ ತಿಂಗಳಲ್ಲಿ ಅಮ್ಮನ ಮದುವೆ ಸೀರೆಯನ್ನು ಕಪಾಟಿನಿಂದ ತೆಗೆದು ಮೂಗಿಗೆ ಹಿಡಿದೆ. ಬೂಷ್ಟಿನ ವಾಸನೆ ಇಲ್ಲ. ಹೊರಗೆ ಒಂಬತ್ತು ದಿನದಿಂದ ಬಿಡದೆ ಮಳೆ. ಕಪಾಟು ನಿಂತಿರುವುದು ಪಡುಗೋಡೆಗೆ, ಅಂದರೆ ಸಮುದ್ರದ ಕಡೆಯ ಗೋಡೆಗೆ ತಾಗಿ. ಹತ್ತು ವರ್ಷದ ಹಿಂದೆ ಇದೇ ಕಪಾಟಿನ ಹಿಂಬದಿಯ ತಗಡು ತುಕ್ಕು ಹಿಡಿದು ತೂತು ಬಿದ್ದಿತ್ತು. ಸೀರೆ ಮಡಚಿಟ್ಟ ಮೇಲೆ ಗೋಡೆಯನ್ನೂ ಒಮ್ಮೆ ಮುಟ್ಟಿ ನೋಡಿದೆ. ತಣ್ಣಗಿತ್ತು, ಒದ್ದೆ ಇರಲಿಲ್ಲ. ಅದನ್ನು ಹೇಳಲಿಕ್ಕೇ ಈ ವಿಮರ್ಶೆ.

ನಮ್ಮ ಮನೆ ಇರುವುದು ಬ್ರಹ್ಮಾವರದ ಹತ್ತಿರ. 1958ರಲ್ಲಿ ಅಜ್ಜ ಕಟ್ಟಿಸಿದ್ದು. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಒಳಗೆ ಮಣ್ಣಿನ ಗಾರೆ, ಹೊರಗೆ ಸುಣ್ಣದ ಗಾರೆ, ಮೇಲೆ ಮಂಗಳೂರು ಹಂಚು. ಕರಾವಳಿಯವರಿಗೆ ಇಂಥ ಮನೆಯನ್ನು ವಿವರಿಸುವುದು ಬೇಕಿಲ್ಲ. 2006ರಲ್ಲಿ ಅಪ್ಪ ಹೊರಗೋಡೆಗೆಲ್ಲ ಸಿಮೆಂಟ್ ಗಾರೆ ಹಾಕಿಸಿ ಪೇಂಟ್ ಹೊಡೆಸಿದರು. ಅವರನ್ನು ದೂರುವ ಮನಸ್ಸು ನನಗಿಲ್ಲ. ಪ್ರತಿ ವರ್ಷ ದೀಪಾವಳಿಗೆ ಮುಂಚೆ ಏಣಿ ಹತ್ತಿ ಸುಣ್ಣ ಬಳಿದು ಅವರ ಭುಜ ಸೋತಿತ್ತು. ಒಮ್ಮೆ ಖರ್ಚು ಮಾಡಿದರೆ ಇಪ್ಪತ್ತು ವರ್ಷ ನೋಡಬೇಕಾಗಿಲ್ಲ ಅಂತ ಆಗ ಎಲ್ಲರೂ ಹೇಳುತ್ತಿದ್ದರು.

ಮೂರನೇ ಮಳೆಗಾಲಕ್ಕೆ ಪಡುಗೋಡೆಯ ಒಳಬದಿಯಲ್ಲಿ ಪೇಂಟ್ ಹಪ್ಪಳದ ಹಾಗೆ ಉಬ್ಬಿತು. ಉಬ್ಬಿದ ಜಾಗ ಒತ್ತಿದರೆ ಪಟಕ್ ಅಂತ ಒಡೆದು ಒಳಗಿಂದ ಬಿಳಿ ಹುಡಿ ಸುರಿಯುತ್ತಿತ್ತು. ನಾಲಿಗೆಗೆ ತಾಗಿಸಿ ನೋಡಿದ್ದೇನೆ, ಉಪ್ಪು. ಕೆರೆದು, ಪುಟ್ಟಿ ಹಚ್ಚಿ, ಮತ್ತೆ ಪೇಂಟ್. 2010ರಲ್ಲಿ ಒಮ್ಮೆ, 2013ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ. ಕೊನೆಯ ಸಲ ಬಂದ ಕಂಟ್ರಾಕ್ಟರ್ ವಾಟರ್‌ಪ್ರೂಫ್ ಕೋಟಿಂಗ್ ಹಾಕಿ ಹತ್ತು ವರ್ಷದ ಗ್ಯಾರಂಟಿ ಬರೆದುಕೊಟ್ಟ. ಅದು ಎರಡನೇ ಮಳೆಗಾಲವನ್ನೂ ದಾಟಲಿಲ್ಲ. ಫೋನ್ ಮಾಡಿದರೆ "ನಿಮ್ಮ ಕಲ್ಲೇ ಸರಿ ಇಲ್ಲ" ಅಂದ. ಅರವತ್ತು ವರ್ಷ ನಿಂತ ಕಲ್ಲಿನ ಬಗ್ಗೆ ಹಾಗೆ ಹೇಳಿದ್ದು ಈಗಲೂ ನೆನಪಾದರೆ ಸಿಟ್ಟು ಬರುತ್ತದೆ.

ಕಾರಣ ಹೇಳಿದ್ದು ಕುಂದಾಪುರ ಕಡೆಯ ಒಬ್ಬ ಹಿರಿಯ ಮೇಸ್ತ್ರಿ. ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು. ಕೆಲವು ಕಡೆ ಟೊಳ್ಳು ಸದ್ದು. "ಅಕ್ಕ, ಒದ್ದೆ ಬಟ್ಟೆಯನ್ನ ತೊಟ್ಟೆಯಲ್ಲಿ ಕಟ್ಟಿಟ್ರೆ ಒಣಗ್ತದಾ?" ಅಂತ ಕೇಳಿದರು. ತೊಟ್ಟೆ ಅಂದರೆ ಪ್ಲಾಸ್ಟಿಕ್ ಚೀಲ. ಹನ್ನೆರಡು ವರ್ಷದಲ್ಲಿ ಯಾರೂ ನನಗೆ ಇಷ್ಟು ಸರಳವಾಗಿ ಹೇಳಿರಲಿಲ್ಲ. ಮುರಕಲ್ಲು ತೂತುತೂತಿನ ಕಲ್ಲು. ನೆಲದ ತೇವ ಮೇಲೆಳೆದುಕೊಳ್ಳುತ್ತದೆ, ಇರಚಲು ಹೊಡೆದರೆ ಕುಡಿಯುತ್ತದೆ. ಕುಡಿದದ್ದನ್ನು ಹೊರಗೆ ಬಿಡಲು ದಾರಿ ಬೇಕು. ಸಿಮೆಂಟ್ ಗಾರೆಯ ಕೂದಲೆಳೆಯಂಥ ಬಿರುಕಿನಲ್ಲಿ ನೀರು ಒಳಗೆ ಹೋಗುತ್ತದೆ, ವಾಪಸ್ ಬರಲು ಮಾತ್ರ ದಾರಿಯೇ ಇಲ್ಲ. ಸುಣ್ಣದ ಗಾರೆಯಾದರೆ ಕಲ್ಲಿನ ಹಾಗೆಯೇ ತೇವ ತೆಗೆದುಕೊಂಡು, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ.

2018ರ ಜನವರಿಯಲ್ಲಿ ಕೆಲಸ ಶುರು ಮಾಡಿದೆವು. ದುಡ್ಡು ಇದ್ದದ್ದು ಒಂದು ಗೋಡೆಗೆ ಮಾತ್ರ. ಹಾಗಾಗಿ ಪಡುಗೋಡೆಯೊಂದನ್ನೇ, ಒಳಗೂ ಹೊರಗೂ ಸೇರಿ 420 ಚದರಡಿ. ಸಿಮೆಂಟ್ ಎಬ್ಬಿಸುವಾಗ ನೋಡಲಾಗಲಿಲ್ಲ. ಸಿಮೆಂಟ್ ಗಟ್ಟಿ, ಕಲ್ಲು ಅದಕ್ಕಿಂತ ಮೆತ್ತಗೆ. ಗಾರೆಯ ಚಕ್ಕೆ ಕೆಳಗೆ ಬಿದ್ದಾಗೆಲ್ಲ ಅದರ ಹಿಂದೆ ಬೆರಳು ದಪ್ಪ ಕೆಂಪು ಕಲ್ಲೂ ಅಂಟಿಕೊಂಡು ಬರುತ್ತಿತ್ತು. ಅಡಿಯ ಮೂರು ಸಾಲಿನಲ್ಲಿ ಕೆಲವು ಕಲ್ಲುಗಳು ಒದ್ದೆ ಅವಲಕ್ಕಿಯ ಹಾಗೆ ಕೈಯಲ್ಲೇ ಪುಡಿಯಾದವು. ಒಟ್ಟು 38 ಕಲ್ಲು ಬದಲಾಯಿಸಬೇಕಾಯಿತು.

ಹೊಸ ಕಲ್ಲು ಬಂದ ದಿನವೇ ಕಟ್ಟುತ್ತಾರೆ ಅಂದುಕೊಂಡಿದ್ದೆ. ಮೇಸ್ತ್ರಿ ಅಂಗಳದಲ್ಲಿ ಗಾಳಿ ಆಡುವ ಹಾಗೆ ಸಂದು ಬಿಟ್ಟು ಪೇರಿಸಿ, ಒಂದು ತಿಂಗಳು ಮುಟ್ಟಲು ಬಿಡಲಿಲ್ಲ. ಕೋರೆಯಿಂದ ಆಗಷ್ಟೇ ಬಂದ ಕಲ್ಲು ಹಸಿ. ಗಾಳಿ ಬಿಸಿಲಿಗೆ ಬಿದ್ದ ಮೇಲೇ ಗಟ್ಟಿಯಾಗುವುದು. ಮೊದಲ ದಿನ ಒಂದು ಕಲ್ಲಿನ ಮೂಲೆಯನ್ನು ಉಗುರಲ್ಲಿ ಕೆರೆದಿದ್ದೆ, ಗೀರು ಬಿತ್ತು. ತಿಂಗಳಾದ ಮೇಲೆ ಅದೇ ಮೂಲೆಗೆ ಉಗುರು ಹಾಕಿದರೆ ಉಗುರೇ ಸವೆಯಿತು. ಮಲಬಾರಿನಲ್ಲಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇಟ್ಟಿಗೆ ಅನ್ನುವ ಲ್ಯಾಟಿನ್ ಮಾತಿನಿಂದ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ನಮ್ಮ ಜಂಬಿಟ್ಟಿಗೆ ಅನ್ನುವ ಹೆಸರಿನೊಳಗೂ ಇಟ್ಟಿಗೆ ಕೂತಿದೆ, ಅಲ್ವಾ? ಅದನ್ನು ಗಮನಿಸಿದಾಗ ನನಗೆ ತುಂಬಾ ಖುಷಿಯಾಯಿತು.

ಕಲ್ಲು ಒಣಗುತ್ತಿರುವಾಗಲೇ ಸುಣ್ಣದ ಕೆಲಸ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನಗೆ ಬಹಳ ಹಿಡಿಸಿದ ಭಾಗ ಇದೇ. ಸುಟ್ಟ ಕಪ್ಪೆಚಿಪ್ಪು ಗೋಣಿಯಲ್ಲಿ ಬಂತು. ಹಿತ್ತಲಲ್ಲಿ ಗುಂಡಿ ತೋಡಿ ನೀರು ತುಂಬಿಸಿದರು. ಚಿಪ್ಪನ್ನು ಬುಟ್ಟಿ ಬುಟ್ಟಿಯಾಗಿ ನೀರಿಗೆ ಸುರಿದರು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಗುಂಡಿ ಗಂಜಿ ಕುದಿದ ಹಾಗೆ ಕೊತಕೊತ ಕುದಿಯಿತು, ಆವಿ ತೆಂಗಿನ ಮರದ ಅರ್ಧಕ್ಕೆ ಎದ್ದಿತು. ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕೆಲಸದವರು ಕೈಕಾಲಿಗೆ ತೆಂಗಿನೆಣ್ಣೆ ಹಚ್ಚಿಕೊಂಡೇ ಇಳಿಯುತ್ತಿದ್ದರು. ಅರಳಿದ ಸುಣ್ಣವನ್ನು ಸೋಸಿ ಮೂರು ವಾರ ನೀರಿನಡಿಯಲ್ಲೇ ಬಿಟ್ಟರು. ಕೊನೆಗೆ ಅದು ಬೆಣ್ಣೆಯಾಗಿತ್ತು. ಕರಣೆಯಲ್ಲಿ ಎತ್ತಿ ತಲೆಕೆಳಗು ಮಾಡಿದರೂ ಬೀಳಲಿಲ್ಲ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಳೆ ಮರಳು. ಮರಳನ್ನು ಎರಡು ಸಲ ಸಿಹಿನೀರಲ್ಲಿ ತೊಳೆಸಿದರು, ಅಳಿವೆ ಹತ್ತಿರದ ಮರಳಲ್ಲಿ ಉಪ್ಪು ಇರುತ್ತದಂತೆ. ಅಳಲೆಕಾಯಿ ಜಜ್ಜಿ ನೆನೆಸಿದ ನೀರಿಗೆ ಬೆಲ್ಲ ಕರಗಿಸಿ ಅದರಲ್ಲೇ ಕಲಸಿದರು. ಒಂದು ವಾರ ಮನೆಯೆಲ್ಲ ಆಲೆಮನೆಯ ವಾಸನೆ. ಎರಡು ಪದರ, ಒಂದೊಂದು ಅಂಗುಲದ ಅರ್ಧಕ್ಕಿಂತ ತೆಳು, ನಡುವೆ ದಿನಗಟ್ಟಲೆ ಬಿಡುವು. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮೆಲ್ಲಗೆ ಕಲ್ಲಾಗುವುದು, ಅವಸರ ಮಾಡಿದರೆ ಬಿರುಕು. ನಮ್ಮದು ಸಂಜೆ ಬಿಸಿಲು ನೇರ ಬೀಳುವ ಗೋಡೆ. ಹಾಗಾಗಿ ಒದ್ದೆ ಗೋಣಿ ಇಳಿಬಿಟ್ಟೆವು. ಬೆಳಿಗ್ಗೆ ತುಳಸಿಗೆ ನೀರು ಹಾಕಿದ ಮೇಲೆ ಗೋಡೆಗೆ, ಸಂಜೆ ದೀಪ ಹಚ್ಚುವ ಮುಂಚೆ ಮತ್ತೊಮ್ಮೆ ಗೋಡೆಗೆ. ಇಪ್ಪತ್ತೊಂದು ದಿನ ಇದು ನನ್ನ ಕೆಲಸ.

ಚದರಡಿಗೆ 110 ರೂಪಾಯಿ ಬಿತ್ತು, ಕಲ್ಲಿನ ಖರ್ಚು ಬೇರೆ. ಆಗ ನಮ್ಮೂರಲ್ಲಿ ಸಿಮೆಂಟ್ ಗಾರೆ ಇದರ ಅರ್ಧಕ್ಕಿಂತ ಕಡಿಮೆಗೆ ಆಗುತ್ತಿತ್ತು. ಎರಡು ವಾರದಲ್ಲಿ ಮುಗಿಯುವ ಕೆಲಸಕ್ಕೆ ಮೂರು ತಿಂಗಳು. ನನ್ನಂಥ ಸಂಬಳದವರಿಗೆ ಇದು ಸಣ್ಣ ಮಾತಲ್ಲ.

ಇಷ್ಟೆಲ್ಲ ಆದ ಮೇಲೆ ಮೊದಲ ಮಳೆಗಾಲದಲ್ಲಿ ಏನಾಯಿತು ಗೊತ್ತಾ? ಆಗಸ್ಟಿನಲ್ಲಿ ಒಳಗೋಡೆಯ ಅಡಿಯ ಎರಡು ಅಡಿ ಬಿಳಿ ಗಡ್ಡ ಬಿಟ್ಟಿತು. ರೇಷ್ಮೆಯಂಥ ಉಪ್ಪಿನ ಎಳೆ, ಊದಿದರೆ ಹಾರುವಷ್ಟು ಹಗುರ. ಸೆಪ್ಟೆಂಬರಿನಲ್ಲಿ ಅಲ್ಲಿಯ ಗಾರೆ ಚಕ್ಕೆಚಕ್ಕೆಯಾಗಿ ಉದುರಿತು. ಆ ದಿನ ನಾನು ಕಣ್ಣೀರು ಹಾಕಿದ್ದೇನೆ. ಸಾಲ ಮಾಡಿ ಮಾಡಿಸಿದ್ದು ಒಂದು ವರ್ಷಕ್ಕೂ ಬರಲಿಲ್ಲವಲ್ಲ! ಫೋನಿನಲ್ಲಿ ಮೇಸ್ತ್ರಿಗೆ ಜೋರು ಮಾಡಿದೆ. ಅವರು ಮರುದಿನವೇ ಬಂದರು, ಉದುರಿದ್ದನ್ನು ಕೈಯಲ್ಲಿ ಹಿಡಿದು ನೋಡಿದರು. "ಹನ್ನೆರಡು ವರ್ಷದ ಉಪ್ಪು ಕಲ್ಲಿನೊಳಗೆ ಉಂಟಕ್ಕ. ಹೊರಗೆ ಬರ್ಲೇಬೇಕು. ಗಾರೆ ಉದುರಿದ್ರೆ ಉದುರ್ಲಿ, ಕಲ್ಲು ಉಳಿದಿದೆಯಲ್ಲ" ಅಂದರು. ಮಾತು ನಿಜ. ಆದರೆ ಅದನ್ನು ಕೆಲಸ ಶುರು ಮಾಡುವ ಮುಂಚೆ ಹೇಳಬೇಕಿತ್ತು. ಈ ಒಂದು ವಿಷಯದಲ್ಲಿ ಅವರ ಮೇಲೆ ನನಗೆ ಇವತ್ತಿಗೂ ಬೇಸರ ಇದೆ. ಹಳೆಯ ಸಿಮೆಂಟ್ ತೆಗೆದು ಸುಣ್ಣಕ್ಕೆ ಬರುವವರು ಅಡಿಯ ಎರಡು ಮೂರು ಅಡಿಗೆ ಎರಡು ಸಲದ ಖರ್ಚು ಇಟ್ಟುಕೊಂಡೇ ಹೊರಡಿ.

ಉಪ್ಪು ತೆಗೆಯುವುದು ನನಗೆ ಅಭ್ಯಾಸವಾಗಿಬಿಟ್ಟಿತು. ಬೆಳಿಗ್ಗೆ ಚಾ ಇಟ್ಟು, ಅದು ಕುದಿಯುವಷ್ಟರಲ್ಲಿ ಗೋಡೆಯ ಬುಡಕ್ಕೆ ಹಳೆ ಪೇಪರ್ ಹಾಸಿ, ಒಣ ಹಿಡಿಸೂಡಿಯ ತುದಿಯಿಂದ ಮೇಲಿಂದ ಕೆಳಗೆ ಮೆಲ್ಲಗೆ ಗುಡಿಸುವುದು. ನೀರು ತಾಗಿಸಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉಪ್ಪು ಕರಗಿ ಮತ್ತೆ ಕಲ್ಲಿನೊಳಗೇ ಹೋಗುತ್ತದೆ. ಪೇಪರ್ ಮಡಚಿ ಉಪ್ಪನ್ನು ಗೋಡೆಯಿಂದ ದೂರ ಚೆಲ್ಲುತ್ತಿದ್ದೆ. ಆ ವರ್ಷ ದಿನಕ್ಕೆ ಒಂದು ಮುಷ್ಟಿ ಬರುತ್ತಿತ್ತು. 2019ರ ಬೇಸಿಗೆಯಲ್ಲಿ ಅಡಿಯ ಭಾಗಕ್ಕೆ ಮತ್ತೆ ಗಾರೆ ಹಾಕಿದರು. ಆ ಮಳೆಗಾಲದಲ್ಲಿ ವಾರಕ್ಕೊಂದು ಮುಷ್ಟಿ. ಈ ವರ್ಷ ಇಡೀ ಮಳೆಗಾಲಕ್ಕೆ ಎರಡು ಚಮಚ ಬಂದಿರಬಹುದು.

ಪೂರ್ತಿ ಶ್ರೇಯ ಸುಣ್ಣಕ್ಕೇ ಕೊಟ್ಟರೆ ಸುಳ್ಳಾಗುತ್ತದೆ. 2012ರಲ್ಲಿ ನಾವು ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೆವು, ಅದು ಗೋಡೆಯ ಬುಡದವರೆಗೂ ಬಂದು ಪಂಚಾಂಗದ, ಅಂದರೆ ಅಡಿಪಾಯದ ಕಲ್ಲನ್ನು ಮುಚ್ಚಿತ್ತು. ಮಾಡಿನಿಂದ ಬಿದ್ದ ನೀರು ಇಂಟರ್‌ಲಾಕಿಗೆ ಬಡಿದು ಗೋಡೆಗೆ ಸಿಡಿಯುತ್ತಿತ್ತು. ಎರಡನೇ ಸಲ ಗಾರೆ ಹಾಕುವ ಮುಂಚೆ ಗೋಡೆಯ ಉದ್ದಕ್ಕೂ ಒಂದೂವರೆ ಅಡಿ ಅಗಲ ಇಂಟರ್‌ಲಾಕ್ ಕಿತ್ತು, ಪಂಚಾಂಗ ಕಾಣುವವರೆಗೆ ಅಗೆದು, ಜಲ್ಲಿ ತುಂಬಿಸಿ, ನೀರು ತೋಟಕ್ಕೆ ಹೋಗುವ ಹಾಗೆ ಇಳಿಜಾರು ಮಾಡಿದರು. ಖರ್ಚು ಐದು ಸಾವಿರವೂ ಆಗಲಿಲ್ಲ. ಅರ್ಧ ಗುಣ ಇದರಿಂದಲೇ ಸಿಕ್ಕಿತು ಅಂತ ನನ್ನ ಅಂದಾಜು. ದುಡ್ಡು ಕಮ್ಮಿ ಇರುವವರು ಮೊದಲು ಇದನ್ನು ಮಾಡಿ, ಒಂದು ಮಳೆಗಾಲ ನೋಡಿ, ಆಮೇಲೆ ಗಾರೆಗೆ ಕೈ ಹಾಕಿ.

ಸುಣ್ಣದ ಮೇಲಿನ ನನ್ನ ಅನುಮಾನ ಕರಗಿದ್ದು 2020ರ ಸೆಪ್ಟೆಂಬರಿನಲ್ಲಿ. ಉಡುಪಿಯಲ್ಲಿ ನೆರೆ ಬಂದ ಆ ದಿನಗಳು ಈ ಕಡೆಯವರಿಗೆ ನೆನಪಿರುತ್ತದೆ. ಗಾಳಿ ಮಳೆಯನ್ನು ಪಡುಗೋಡೆಗೆ ಅಡ್ಡಲಾಗಿ ಬಡಿಯಿತು. ಗೋಡೆ ಹೊರಗೆ ಪೂರ್ತಿ ಕಪ್ಪಾಯಿತು, ಒಳಗೂ ನಾಲ್ಕು ಕಡೆ ತೇವ ಕಾಣಿಸಿತು. ಇನ್ನು ಮುಗಿಯಿತು ಅಂದುಕೊಂಡೆ. ಬಿಸಿಲು ಬಂದ ಮೇಲೆ ದಿನಾ ಬೆಳಿಗ್ಗೆ ಅಂಗೈಯ ಹಿಂಬದಿ ತಾಗಿಸಿ ನೋಡುತ್ತಾ ಬಂದೆ. ಆರನೇ ದಿನ ಒಳಗೋಡೆ ಒಣಗಿತ್ತು. ಅದೇ ಹೊತ್ತಿಗೆ, ಸಿಮೆಂಟ್ ಇದ್ದ ಅಡುಗೆಮನೆಯ ತೆಂಕುಗೋಡೆ ದೀಪಾವಳಿವರೆಗೂ ಒದ್ದೆ.

ಕೊರತೆಗಳು ಇವೆ. ಗೋಡೆಗೆ ಒರಗಿದರೆ ಅಂಗಿಗೆ ಬಿಳಿ ಹಿಡಿಯುತ್ತದೆ, ಅಪ್ಪನ ಹೆಗಲ ಮೇಲಿನ ಬೈರಾಸು ಟವೆಲಿನ ಮೇಲೆ ಅದು ಯಾವಾಗಲೂ ಇರುತ್ತದೆ. ಹೇಗೆಂದರೆ ಹಾಗೆ ಮೊಳೆ ಹೊಡೆಯುವಂತಿಲ್ಲ, ತೂಕದ ಶೆಲ್ಫಿಗೆ ಮರದ ಗೂಟ ಕೂರಿಸಬೇಕು. ಹೊರಗೆ ಪಾಚಿ ಬರುತ್ತದೆ, ವರ್ಷಕ್ಕೊಮ್ಮೆ ಉಜ್ಜಿ ಸುಣ್ಣ ಬಳಿಯಲೇಬೇಕು. ಅಪ್ಪ ಯಾವುದರಿಂದ ತಪ್ಪಿಸಿಕೊಳ್ಳಬೇಕು ಅಂತ ಸಿಮೆಂಟ್ ಹಾಕಿಸಿದರೋ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದೇ ಗೋಡೆ ಆದ್ದರಿಂದ ಎರಡು ಭಾನುವಾರ ಸಾಕು. ಕೇದಗೆಯ ಬೇರು ಜಜ್ಜಿ ಮಾಡಿದ ಕುಂಚ ಅಪ್ಪನೇ ಮಾಡಿಕೊಡುತ್ತಾರೆ. ಕೆಳಗೆ ಕುರ್ಚಿ ಹಾಕಿ ಕೂತು "ಅಲ್ಲಿ ಬಿಟ್ಟಿದೆ, ಇಲ್ಲಿ ಬಿಟ್ಟಿದೆ" ಅಂತ ಕೈ ತೋರಿಸುತ್ತಾರೆ.

ಗಾರೆಯೇ ಬೇಡ, ಕಲ್ಲು ಕಾಣುವ ಹಾಗೆ ಬಿಟ್ಟರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಮೂಡುಗೋಡೆಗೆ, ಉದ್ದ ಮಾಡಿನ ಕೆಳಗೆ ಆದರೆ ಚಂದ. ಪಡುಗೋಡೆಗೆ ಬೇಡ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಯ ಮುರಕಲ್ಲು ಮಳೆಗಾಲದಲ್ಲಿ ಹಸಿರಾದರೆ ನೋಡಲು ಸೊಗಸು, ಅಲ್ಲಿ ಯಾರೂ ಕಪಾಟು ಇಟ್ಟು ವಾಸ ಮಾಡುವುದಿಲ್ಲ. ಕೆಲವರು ಬರಿಗಲ್ಲಿಗೆ ಹೊಳಪಿನ ವಾರ್ನಿಷ್ ಹೊಡೆಸುತ್ತಾರೆ. ಅದೂ ತೊಟ್ಟೆಯೇ. ಇನ್ನೊಂದು ಮಾತು, ರಿಪೇರಿಯಲ್ಲಿ ಎಬ್ಬಿಸಿದ ಗಟ್ಟಿ ಕಲ್ಲುಗಳನ್ನು ಎಸೆಯಬೇಡಿ. ನಾನು ಹನ್ನೊಂದನ್ನು ಬಚ್ಚಲಿನ ಹಿಂದೆ ಪೇರಿಸಿಟ್ಟಿದ್ದೇನೆ. ಕೆಂಪುಕಲ್ಲು ಬೇಕೆಂದಾಗ ಸಿಗುವ ಕಾಲ ಈಗ ಇಲ್ಲ.

ಆ ಹನ್ನೊಂದು ಕಲ್ಲು ಇನ್ನು ಅಡುಗೆಮನೆಯ ತೆಂಕುಗೋಡೆಗೆ ಹೋಗುತ್ತವೆ. ಹಳೆ ಗುಂಡಿಯಲ್ಲೇ ಮೊನ್ನೆ ಸುಣ್ಣ ಅರಳಿಸಿದ್ದಾಯಿತು, ಮೇಲೆ ನಾಲ್ಕು ಬೆರಳು ನೀರು ನಿಂತಿದೆ. ಈ ಸಲ ಅಡಿಯ ಎರಡು ಅಡಿಗೆ ಎರಡು ಸಲದ ದುಡ್ಡನ್ನು ಮೊದಲೇ ತೆಗೆದಿಟ್ಟಿದ್ದೇನೆ. ಮೇಸ್ತ್ರಿ ಕಾರ್ತಿಕ ಕಳೆದ ಮೇಲೆ ಬರುತ್ತೇನೆ ಅಂದಿದ್ದಾರೆ.