ಚೆಸ್ಟ್‌ನಟ್ ನೇಚರ್ ಪಾರ್ಕ್: ಕಾಡಿನ ಅಂಚಿನಲ್ಲೊಂದು ಸೈಕಲ್ ಹಾದಿ

ಸಿಂಗಪುರಕ್ಕೆ ಬಂದು ನೆಲೆಸಿದ ಕನ್ನಡಿಗ ಗೆಳೆಯರು ಮೌಂಟನ್ ಬೈಕಿಂಗ್‌ಗೆ ಎಲ್ಲಿಗೆ ಹೋಗಬೇಕೆಂದು ಕೇಳಿದಾಗಲೆಲ್ಲ ನಾನು ಮೊದಲು ಹೇಳುವ ಹೆಸರು ಚೆಸ್ಟ್‌ನಟ್ ನೇಚರ್ ಪಾರ್ಕ್. ಮಗಳ ಜೊತೆ ಮೂರು ನಾಲ್ಕು ಬಾರಿ ಸೈಕಲ್ಲಿನಲ್ಲೂ ಎರಡು ಬಾರಿ ಕಾಲ್ನಡಿಗೆಯಲ್ಲೂ ಸುತ್ತಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಸವಾರಿ ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಚೆನ್ನಾಗಿದೆ ಎಂದುಬಿಡಬಹುದು. ಆದರೆ ಕಾಡುಪ್ರಾಣಿಗಳು ಬದುಕುವ ಜಾಗದಲ್ಲಿ ಸೈಕಲ್ ಓಡಿಸಲು ಬಿಡುವುದು ಸರಿಯೇ, ಬಿಟ್ಟರೆ ಹೇಗೆ ಬಿಡಬೇಕು ಎಂಬ ಪ್ರಶ್ನೆಗೆ ಈ ಉದ್ಯಾನ ಕೊಡುವ ಉತ್ತರ ನನಗೆ ಸವಾರಿಗಿಂತ ಮುಖ್ಯವಾಗಿ ಕಂಡಿದೆ.

ಸಿಂಗಪುರದ ನಡುಮಧ್ಯೆ ನಾಲ್ಕು ಜಲಾಶಯಗಳನ್ನು ಸುತ್ತುವರಿದ ಸೆಂಟ್ರಲ್ ಕ್ಯಾಚ್‌ಮೆಂಟ್ ಎಂಬ ಸಂರಕ್ಷಿತ ಅರಣ್ಯವಿದೆ. ಅದರ ವಿಸ್ತೀರ್ಣ 2,000 ಹೆಕ್ಟೇರಿಗೂ ಹೆಚ್ಚು. ಚೆಸ್ಟ್‌ನಟ್ ಉದ್ಯಾನ ಈ ಕಾಡಿನ ಪಶ್ಚಿಮದ ಅಂಚಿಗೆ ಅಂಟಿಕೊಂಡಿದೆ. ದಕ್ಷಿಣದ ಭಾಗ 2016ರಲ್ಲಿ, ಉತ್ತರದ ಭಾಗ 2017ರಲ್ಲಿ ತೆರೆದುಕೊಂಡವು. ಎರಡೂ ಸೇರಿ 81 ಹೆಕ್ಟೇರು. ಇದು ಅರಣ್ಯದ ಒಂದು ತುಂಡನ್ನು ಕತ್ತರಿಸಿ ಮಾಡಿದ ಪಾರ್ಕ್ ಅಲ್ಲ, ಅರಣ್ಯದ ಮೇಲಿನ ಒತ್ತಡ ಇಳಿಸಲೆಂದು ಅದರ ಹೊರಗೆ ಬಿಟ್ಟ ಪಟ್ಟಿ. ಹೊಲದ ಬೆಳೆಗೆ ದನ ನುಗ್ಗದಿರಲೆಂದು ಬದುವಿನಾಚೆ ಹುಲ್ಲುಗಾವಲು ಬಿಟ್ಟ ಹಾಗೆ ಎನ್ನಬಹುದು. ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಇಲ್ಲೇ ಬೇಕಾದಷ್ಟು ಸಿಕ್ಕಿದರೆ ಅವರು ಒಳಗಿನ ಹಳೆಯ ಕಾಡಿನತ್ತ ನುಗ್ಗುವುದು ತಪ್ಪುತ್ತದೆ.

ಆ ಒತ್ತಡ ಎಂಥದ್ದೆಂದು ತಿಳಿಯಲು ಪಕ್ಕದ ಬುಕಿತ್ ತಿಮಾ ಕಾಡನ್ನು ನೆನೆಯಬೇಕು. ಕೇವಲ 163 ಹೆಕ್ಟೇರಿನ ಆ ಸಂರಕ್ಷಿತ ಪ್ರದೇಶದ ಹಾದಿಗಳು ಜನರ ಕಾಲ್ತುಳಿತಕ್ಕೂ ಮಳೆಗೂ ಸವೆದು ಹೋಗಿದ್ದರಿಂದ 2014ರಲ್ಲಿ ದುರಸ್ತಿಗೆಂದು ಅದನ್ನು ಮುಚ್ಚಬೇಕಾಯಿತು; ಪೂರ್ತಿಯಾಗಿ ಮತ್ತೆ ತೆರೆದದ್ದು 2016ರಲ್ಲಿ. ಕಾಲಿನಿಂದಲೇ ಇಷ್ಟು ಹಾನಿಯಾಗುವುದಾದರೆ ಚಕ್ರದಿಂದ ಏನಾದೀತೆಂದು ಊಹಿಸುವುದು ಕಷ್ಟವಲ್ಲ.

ಚೆಸ್ಟ್‌ನಟ್‌ನಲ್ಲಿ ಸೈಕಲ್ಲಿಗೆ 8.2 ಕಿಲೋಮೀಟರು, ನಡಿಗೆಗೆ 5.6 ಕಿಲೋಮೀಟರು ಹಾದಿಯಿದೆ, ಮತ್ತು ಈ ಎರಡನ್ನೂ ಬೇರೆ ಬೇರೆಯಾಗಿಯೇ ಕಡಿದಿದ್ದಾರೆ. ಹೆಚ್ಚಿನವರು ಇದನ್ನು ಜನರ ಸುರಕ್ಷತೆಯ ವಿಷಯವೆಂದಷ್ಟೇ ತಿಳಿಯುತ್ತಾರೆ. ವಯಸ್ಸಾದವರೊಬ್ಬರು ಹಕ್ಕಿ ನೋಡುತ್ತ ನಿಂತಿರುವಾಗ ತಿರುವಿನಾಚೆಯಿಂದ ಸೈಕಲ್ಲೊಂದು ಧುತ್ತೆಂದು ಎದುರಾಗಬಾರದು ಎಂಬುದು ನಿಜವೇ. ಆದರೆ ಕಾಡಿನ ದೃಷ್ಟಿಯಿಂದಲೂ ಅದಕ್ಕೊಂದು ಕಾರಣವಿದೆ. ಕಿರಿದಾದ ಒಂದೇ ಹಾದಿಯಲ್ಲಿ ಇಬ್ಬರೂ ಬಂದರೆ ಒಬ್ಬರಿಗೊಬ್ಬರು ದಾರಿ ಬಿಡಲೆಂದು ಪಕ್ಕಕ್ಕೆ ಸರಿಯುತ್ತಾರೆ, ಸರಿದಲ್ಲೆಲ್ಲ ಸಸಿ ಮುರಿಯುತ್ತದೆ, ಎರಡೇ ವರ್ಷದಲ್ಲಿ ಒಂದು ಗೇಣಿನ ಕಾಲುದಾರಿ ಎರಡು ಮಾರು ಅಗಲದ ಬಯಲಾಗುತ್ತದೆ.

ಇದನ್ನು ನಾನು ನೆಲಕ್ಕೆ ಬಗ್ಗಿ ನೋಡಿ ಕಲಿತೆ. ಹಿಂದೊಮ್ಮೆ ಬೇರೆ ಕಡೆ ಅಂಗಡಿಯೊಂದರಿಂದ ಬಾಡಿಗೆಗೆ ತಂದ ಸೈಕಲ್ಲಿನ ಮುಂದಿನ ಬ್ರೇಕು ಸರಿಯಾಗಿ ಹಿಡಿಯುತ್ತಿರಲಿಲ್ಲ. ಹೀಗಾಗಿ ಇಳಿಜಾರಿನಲ್ಲೆಲ್ಲ ಹಿಂದಿನ ಬ್ರೇಕನ್ನೇ ಬಿಗಿ ಹಿಡಿದು ಜಾರಿಕೊಂಡು ಇಳಿದಿದ್ದೆ. ಮಳೆ ಬಿದ್ದ ಮರುದಿನವದು. ಇಳಿದ ಮೇಲೆ ಹಿಂತಿರುಗಿ ನೋಡಿದರೆ ಕೆಂಪು ಜೇಡಿಮಣ್ಣಿನಲ್ಲಿ ನೇಗಿಲು ಎಳೆದಂತೆ ಒಂದು ಸಾಲು ಬಿದ್ದಿತ್ತು. ಅದರ ತಳದಲ್ಲಿ ಕಿರುಬೆರಳಿನಷ್ಟು ದಪ್ಪದ ಬೇರೊಂದು ಸಿಪ್ಪೆ ಸುಲಿದು ಬೆಳ್ಳಗೆ ಕಾಣುತ್ತಿತ್ತು. ಮುಂದಿನ ಮಳೆಯ ನೀರು ಹರಿಯುವುದು ಅದೇ ಸಾಲಿನಲ್ಲಿ. ಸಾಲು ಕೊರಕಲಾದ ಮೇಲೆ ಮುಂದಿನ ಸವಾರ ಅದನ್ನು ತಪ್ಪಿಸಿ ಪಕ್ಕದಲ್ಲಿ ಹೋಗುತ್ತಾನೆ, ಅಲ್ಲಿ ಇನ್ನೊಂದು ಸಾಲು ಬೀಳುತ್ತದೆ. ಕೊರೆದು ಹೋದ ಮಣ್ಣು ತೊರೆಗೆ ಸೇರಿ ನೀರನ್ನು ರಾಡಿ ಮಾಡುತ್ತದೆ, ತೊರೆಯಲ್ಲಿರುವ ಮೀನಿಗೂ ಏಡಿಗೂ ಅದರಿಂದ ಕೇಡು.

ಚೆಸ್ಟ್‌ನಟ್‌ನ ಹಾದಿಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಈ ತಿಳಿವಳಿಕೆ. ಹಾದಿ ಹೆಚ್ಚಿನ ಕಡೆ ಗುಡ್ಡದ ಇಳಿಜಾರಿಗೆ ನೇರವಾಗಿ ಇಳಿಯದೆ ಮಗ್ಗುಲಿನಲ್ಲಿ ಬಳಸಿಕೊಂಡು ಹೋಗುತ್ತದೆ. ನಡುನಡುವೆ ಸಣ್ಣ ಉಬ್ಬು ತಗ್ಗುಗಳಿದ್ದು ನೀರು ದೂರ ಹರಿದು ಬಲ ಪಡೆಯುವ ಮೊದಲೇ ಪಕ್ಕದ ತರಗೆಲೆಗಳೊಳಗೆ ಇಳಿದುಹೋಗುತ್ತದೆ. ಕಾಫಿ ತೋಟದಲ್ಲಿ ಬಸಿಗಾಲುವೆ ತೆಗೆದವರಿಗೆ ಇದರ ಒಳಗುಟ್ಟು ನೋಡಿದ ಕೂಡಲೇ ಅರ್ಥವಾದೀತು. ಹಾದಿಗಳ ಕಷ್ಟದ ಮಟ್ಟವನ್ನು ಹಸಿರು, ನೀಲಿ, ಕಪ್ಪು ಬಣ್ಣಗಳಿಂದ ಗುರುತಿಸಿರುವುದರಿಂದ ಹೊಸಬರು ತಮ್ಮ ಅಳವಿಗೆ ಮೀರಿದ ಇಳಿಜಾರಿನಲ್ಲಿ ಬ್ರೇಕು ಬಿಗಿದು ನೆಲವನ್ನು ಕೆರೆಯುವುದೂ ಕಡಿಮೆಯಾಗುತ್ತದೆ. ಮಕ್ಕಳಿಗೆ ಹಾರುವ, ತಿರುಗುವ ಹಂಬಲವಿದ್ದರೆ ಉಬ್ಬು ತಗ್ಗುಗಳ ಪಂಪ್ ಟ್ರ್ಯಾಕ್ ಬೇರೆಯೇ ಇದೆ. ಆ ಹುಮ್ಮಸ್ಸಿಗೆ ಕಾಡಿನೊಳಗೆ ಮಣ್ಣು ಗುಡ್ಡೆ ಹಾಕಿ ಕಳ್ಳ ಹಾದಿ ಮಾಡಿಕೊಳ್ಳುವ ಅಗತ್ಯ ಬೀಳುವುದಿಲ್ಲ.

ಎರಡನೆಯ ಬಾರಿ ಹೋದಾಗ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನೀರು ಕುಡಿಯಲು ನಿಂತಿದ್ದೆವು. ಮಗಳು ಮೆಲ್ಲಗೆ ತೋಳು ಹಿಡಿದು, “ಅಪ್ಪಾ, ಆ ಮರಕ್ಕೆ ಏನೋ ಅಂಟ್ಕೊಂಡಿದೆ ನೋಡು” ಎಂದಳು. ತೊಗಟೆಯ ಬಣ್ಣಕ್ಕೆ ಬಣ್ಣ ಬೆರೆಸಿ, ಬೂದು ಮಚ್ಚೆಗಳ ಮೈಯನ್ನು ಕಂಬಳಿಯಂತೆ ಕಾಂಡಕ್ಕೆ ಹೊದಿಸಿ ಒಂದು ಕೊಲುಗೊ ಕುಳಿತಿತ್ತು. ದೊಡ್ಡ ಕಣ್ಣು ಅರೆ ತೆರೆದಿತ್ತು. ಮಲೆನಾಡಿನ ಹಾರುಬೆಕ್ಕನ್ನು ಕಂಡವರಿಗೆ ಅದರ ಬದುಕು ತಕ್ಕಮಟ್ಟಿಗೆ ಪರಿಚಿತವೇ, ಸಂಬಂಧದಲ್ಲಿ ಮಾತ್ರ ಇವೆರಡೂ ದೂರದವು. ಕುತ್ತಿಗೆಯಿಂದ ಬೆರಳ ತುದಿಗೂ ಅಲ್ಲಿಂದ ಬಾಲದ ತುದಿಗೂ ಹಬ್ಬಿದ ಚರ್ಮವನ್ನು ಹರಡಿ ಇದು ಮರದಿಂದ ಮರಕ್ಕೆ ತೇಲುತ್ತದೆ, ನೂರು ಮೀಟರಿಗೂ ಹೆಚ್ಚು ದೂರ ಸಾಗಬಲ್ಲದು. ನೆಲದ ಮೇಲೆ ಮಾತ್ರ ಅದಕ್ಕೆ ನೆಟ್ಟಗೆ ನಡೆಯಲಾಗದು. ಮರಗಳ ನಡುವಿನ ತೆರಪು ಮಿತಿ ಮೀರಿದರೆ ಅದರ ಲೋಕ ಅಲ್ಲಿಗೇ ತುಂಡಾಗುತ್ತದೆ. ಸೈಕಲ್ ಹಾದಿ ಕಿರಿದಾಗಿರಬೇಕು, ಮೇಲೆ ಕೊಂಬೆಗಳು ಕೂಡಿಕೊಂಡಿರಬೇಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹತ್ತು ನಿಮಿಷ ನೋಡಿ, ಫೋನಿನ ಬೆಳಕು ಹಾಕದೆ, ಸೈಕಲ್ ತಳ್ಳಿಕೊಂಡೇ ಆ ತಿರುವು ದಾಟಿದೆವು.

ಉದ್ಯಾನ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಮಾತ್ರ. ಕಚೇರಿ ಮುಗಿಸಿ ಬರುವವರಿಗೆ ಇದರಿಂದ ಬೇಸರವಾಗುತ್ತದೆ, ಮೊದಲು ನನಗೂ ಆಗಿತ್ತು. ಆದರೆ ಈ ಕಾಡಿನ ಮುಖ್ಯ ನಿವಾಸಿಗಳಿಗೆ ಹಗಲು ಶುರುವಾಗುವುದೇ ಕತ್ತಲಾದ ಮೇಲೆ. ಕೊಲುಗೊ, ಪುನುಗುಬೆಕ್ಕು, ಅತ್ಯಂತ ಅಪಾಯದಂಚಿನಲ್ಲಿರುವ ಸುಂಡಾ ಚಿಪ್ಪುಹಂದಿ ಎಲ್ಲವೂ ರಾತ್ರಿ ಸಂಚರಿಸುವಂಥವು. ಹೆದರಿದರೆ ಓಡಿಹೋಗದೆ ಇದ್ದಲ್ಲೇ ಮುದುಡಿ ಉಂಡೆಯಾಗುವ ಚಿಪ್ಪುಹಂದಿಗೆ ಕತ್ತಲಲ್ಲಿ ವೇಗವಾಗಿ ಬರುವ ಚಕ್ರದಿಂದ ತಪ್ಪಿಸಿಕೊಳ್ಳುವ ಉಪಾಯವೇ ಇಲ್ಲ. ಹೆಲ್ಮೆಟ್ಟಿಗೆ ದೀಪ ಕಟ್ಟಿಕೊಂಡು ರಾತ್ರಿ ಸವಾರಿ ಮಾಡಲು ಬಿಡಬೇಕೆಂದು ಬಯಸುವ ಗೆಳೆಯರೊಡನೆ ನಾನು ಈ ಒಂದು ವಿಷಯದಲ್ಲಿ ಖಂಡಿತವಾಗಿ ಒಪ್ಪುವುದಿಲ್ಲ.

ಇಲ್ಲಿಂದ ತುಸು ದಕ್ಷಿಣಕ್ಕೆ, ಬುಕಿತ್ ತಿಮಾ ಎಕ್ಸ್‌ಪ್ರೆಸ್‌ವೇ ಮೇಲೆ ಇಕೋ-ಲಿಂಕ್ ಎಂಬ ಹಸಿರು ಸೇತುವೆಯಿದೆ. ಹೆದ್ದಾರಿಯಿಂದ ಇಬ್ಭಾಗವಾದ ಎರಡು ಕಾಡುಗಳನ್ನು ಬೆಸೆಯಲೆಂದು 2013ರಲ್ಲಿ ಮುಗಿಸಿದ, 62 ಮೀಟರ್ ಉದ್ದದ, ಮರಗಿಡ ನೆಟ್ಟ ಸೇತುವೆಯದು. ಚಿಪ್ಪುಹಂದಿ ಅದನ್ನು ಬಳಸುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಸೈಕಲ್ಲಿಗೆ ಅಲ್ಲಿ ಜಾಗವಿಲ್ಲ, ಇರಲೂಬಾರದು. ಒಂದು ಜಾಗವನ್ನು ಪ್ರಾಣಿಗಳಿಗೇ ಬಿಟ್ಟು ಇನ್ನೊಂದನ್ನು ಹಗಲು ಹೊತ್ತು ಮಾತ್ರ ಹಂಚಿಕೊಳ್ಳುವ ಈ ಏರ್ಪಾಡು, ಎಲ್ಲ ಕಡೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವ ರಾಜಿಗಿಂತ ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನವನಾದ್ದರಿಂದ ಇಲ್ಲಿ ಪೆಡಲು ತುಳಿಯುವಾಗಲೆಲ್ಲ ತುರಹಳ್ಳಿ ನೆನಪಾಗುತ್ತದೆ. ಬಂಡೆ ಹತ್ತುವವರು, ಸೈಕಲ್ಲಿನವರು, ವಾಯುವಿಹಾರದವರು, ನವಿಲು, ಮೊಲ ಎಲ್ಲರಿಗೂ ಬೇಕಾದ ಆ ಸಣ್ಣ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆಗೆ 2021ರ ಆರಂಭದಲ್ಲಿ ನಾಗರಿಕರು ಬೀದಿಗಿಳಿದು ವಿರೋಧಿಸಿದ್ದರು. ಅಲ್ಲಿ ಒಳಗಿನ ಕಾಡೇ ಇಡೀ ಕಾಡು, ಅದನ್ನು ಕಾಯಲು ಹೊರಗೊಂದು ಪಟ್ಟಿ ಉಳಿದಿಲ್ಲ, ಬೇಲಿಯಾಚೆಯೇ ಅಪಾರ್ಟ್‌ಮೆಂಟು. ಆದ್ದರಿಂದ ಚೆಸ್ಟ್‌ನಟ್‌ನ ನಕ್ಷೆಯನ್ನು ಹಾಗೆಯೇ ಎತ್ತಿ ಅಲ್ಲಿಡಲು ಬರುವುದಿಲ್ಲ. ಅಲ್ಲಿ ಸವಾರಿಗೆ ಸಿಗಬೇಕಾದ ಜಾಗ ಇನ್ನೂ ಕಡಿಮೆ, ಪಾಲಿಸಬೇಕಾದ ನಿಯಮ ಇನ್ನೂ ಬಿಗಿ.

ಚೆಸ್ಟ್‌ನಟ್‌ನ ಬಗ್ಗೆಯೂ ನನಗೊಂದು ಆತಂಕವಿದೆ. ಕಾಡನ್ನು ಕಾಯಲು ಬಿಟ್ಟ ಪಟ್ಟಿಯೂ ಈಗ ಕಾಡೇ. ಕೊಲುಗೊ ಕುಳಿತಿದ್ದದ್ದು ಒಳಗಿನ ಅರಣ್ಯದಲ್ಲಲ್ಲ, ಇಲ್ಲೇ, ಸೈಕಲ್ ಹಾದಿಯಿಂದ ಹತ್ತು ಹೆಜ್ಜೆಯಲ್ಲಿ. 81 ಹೆಕ್ಟೇರಿನಲ್ಲಿ ಸುಮಾರು 14 ಕಿಲೋಮೀಟರ್ ಹಾದಿ ಎಂದರೆ ಹಾದಿಯಿಂದ ದೂರವಿರುವ ನೆಲ ಹೆಚ್ಚು ಉಳಿದಿರುವುದಿಲ್ಲ. ಸವಾರರ ಸಂಖ್ಯೆ ಬೆಳೆದಂತೆ ಇನ್ನೊಂದು ಸುತ್ತು ಬೇಕೆಂಬ ಬೇಡಿಕೆ ಬರುವುದು ಸಹಜ. ಆಗ ಇಲ್ಲ ಎನ್ನಬೇಕೆಂದು ಸವಾರನಾಗಿಯೇ ಕೇಳಿಕೊಳ್ಳುತ್ತೇನೆ. ಇರುವ ಹಾದಿಗಳನ್ನು ಚೆನ್ನಾಗಿಟ್ಟುಕೊಂಡರೆ ನಮಗೆ ಸಾಕು.

ಹೋಗುವವರಿಗೆ ಕೆಲವು ಮಾತು. ಮೆಟ್ರೊ ನಿಲ್ದಾಣದಿಂದ ನಡೆದರೆ ಸಾಕಷ್ಟು ದೂರ, ಮಕ್ಕಳಿದ್ದರೆ ಬಸ್ಸೋ ಟ್ಯಾಕ್ಸಿಯೋ ವಾಸಿ. ಸೈಕಲ್ ಬಾಡಿಗೆಗೆ ಉದ್ಯಾನದ ಬಳಿಯೇ ಸಿಗುತ್ತದೆ. ತೆಗೆದುಕೊಳ್ಳುವ ಮೊದಲು ಎರಡೂ ಬ್ರೇಕುಗಳನ್ನು ಹಿಡಿದು ನೋಡಿ, ಇಳಿಜಾರಿನಲ್ಲಿ ಮುಂದಿನದನ್ನೂ ಹದವಾಗಿ ಬಳಸಿ. ಜೋರು ಮಳೆ ಬಂದಿದ್ದರೆ ಒಂದು ದಿನ ಬಿಟ್ಟು ಹೋಗಿ. ಕೋತಿಗಳು ಎದುರಾದರೆ ತಿಂಡಿಯ ಪೊಟ್ಟಣ ತೆಗೆಯಬೇಡಿ. 2020ರ ಜೂನ್‌ನಿಂದ ಇಲ್ಲಿ ಕಾಡುಪ್ರಾಣಿಗೆ ತಿನಿಸು ಕೊಟ್ಟು ಮೊದಲ ಬಾರಿ ಸಿಕ್ಕಿಬಿದ್ದರೂ 5,000 ಡಾಲರ್‌ವರೆಗೆ ದಂಡವಿದೆ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಉಳಿದ ಅರ್ಧವನ್ನು, ಹೊಸ ಸುತ್ತು ಸೇರಿಸದೆ ಹತ್ತು ವರ್ಷ ಕಳೆದರೆ ಕೊಡುತ್ತೇನೆ.