ಕರೆಂಟ್ ಕೊಡಿಸಿದ ಎರಡು ಆಸ್ಪತ್ರೆ: ನನ್ನ ಓಟು ಎರಡನೆಯದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಪ್ಪನ ಆಸ್ಪತ್ರೆಗೆ. ದೊಡ್ಡಪ್ಪನಿಗೆ ಕರೆಂಟ್, ಅಂದರೆ ಕ್ಯಾನ್ಸರಿಗೆ ಕೊಡುವ ರೇಡಿಯೇಷನ್, ಕೊಡಿಸಿದ್ದು ಒಂದು ಕಡೆ, ಒಂದೆರಡು ವರ್ಷ ಕಳೆದ ಮೇಲೆ ಅಪ್ಪನಿಗೆ ಕೊಡಿಸಿದ್ದು ಇನ್ನೊಂದು ಕಡೆ. ಎರಡೂ ಖಾಸಗಿ, ಎರಡೂ ಕಡೆಗೆ ಗದಗಿನಿಂದ ಹುಬ್ಬಳ್ಳಿಗೆ ಓಡಾಟ. ಹೆಸರು ಬರೆಯುವುದಿಲ್ಲ, ಕೇಳಲೂಬೇಡಿ. ದೊಡ್ಡಪ್ಪನ ಆಸ್ಪತ್ರೆ, ಅಪ್ಪನ ಆಸ್ಪತ್ರೆ ಅಂತ ಇಟ್ಟುಕೊಳ್ಳೋಣ.

ಕಾಯಿಲೆಯೂ ಇಬ್ಬರಿಗೂ ಒಂದೇ. ಅಣ್ಣ ತಮ್ಮ ಇಬ್ಬರೂ ಹರೆಯದಿಂದ ಎಲೆ ಅಡಿಕೆ ಜೊತೆ ತಂಬಾಕು ಹಾಕಿದವರು, ಇಬ್ಬರಿಗೂ ಕೆನ್ನೆಯ ಒಳಗೆ ಕ್ಯಾನ್ಸರ್ ಹುಣ್ಣು, ಆಪರೇಷನ್, ಆಮೇಲೆ 30 ಸಿಟ್ಟಿಂಗ್ ಕರೆಂಟ್. ದಿನಕ್ಕೆ 2 ಗ್ರೇ (ಕರೆಂಟ್ ಅಳೆಯುವ ಲೆಕ್ಕ ಅದು), ವಾರಕ್ಕೆ ಐದು ದಿನ, ಆರು ವಾರ, ಒಟ್ಟು 60 ಗ್ರೇ. ಇಬ್ಬರೂ ಈಗ ಓಡಾಡಿಕೊಂಡಿದ್ದಾರೆ. ಹಾಗಾಗಿ ಎಲ್ಲಿ ಹೆಚ್ಚು ಜನ ವಾಸಿಯಾಗುತ್ತಾರೆ ಅಂತ ನಾನು ಹೇಳಲಾರೆ. ಎರಡು ಜನರನ್ನು ನೋಡಿ ಅದನ್ನು ಹೇಳುವವರನ್ನು ನಂಬಲೂಬೇಡಿ. ನೋಡಿಕೊಂಡ ರೀತಿ ಮಾತ್ರ ನನಗೆ ಗೊತ್ತು.

ಕರೆಂಟ್ ಕೊಡುವ ಮಷೀನು ಎರಡೂ ಕಡೆ ಲೀನಾಕ್ ಅನ್ನುವುದೇ, ಇಂಥ ಮಷೀನುಗಳಿಗೆ ಕೇಂದ್ರದ ಎಇಆರ್‌ಬಿ ಮಂಡಳಿ ಕೊಡುವ ಪರವಾನಗಿ ಎರಡೂ ಕಡೆ ಇದೆ. ಕಟ್ಟಡ, ಎಸಿ, ಕ್ಯಾಂಟೀನು, ಕೂರುವ ಕುರ್ಚಿ, ಇವೆಲ್ಲದರಲ್ಲಿ ದೊಡ್ಡಪ್ಪನ ಆಸ್ಪತ್ರೆ ಗೆದ್ದಿತು. ಅಪ್ಪನ ಆಸ್ಪತ್ರೆಯಲ್ಲಿ ಚಹಾ ಕುಡಿಯಬೇಕು ಅಂದರೆ ರಸ್ತೆ ದಾಟಬೇಕು.

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ದೊಡ್ಡಪ್ಪನ ನಾಲ್ಕನೇ ವಾರದಲ್ಲಿ ಮಷೀನು ಕೆಟ್ಟಿತು. ಕೆಡಲಿ, ಮಷೀನು ಅಂದಮೇಲೆ ಕೆಡುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಫೋನ್ ಮಾಡಲಿಲ್ಲವಲ್ಲ, ಅದಕ್ಕೆ ತಕರಾರು. ಬಾಯಿ ತುಂಬ ಹುಣ್ಣು, ಉಗುಳು ನುಂಗಲೂ ಆಗದೆ ಟವೆಲ್ ಬಾಯಿಗೆ ಹಿಡಿದು ಕೂತ ಮನುಷ್ಯನನ್ನು ನಸುಕಿನಲ್ಲಿ ಎಬ್ಬಿಸಿ, ಹುಲಕೋಟಿ, ಅಣ್ಣಿಗೇರಿ ದಾಟಿ ಹೆಚ್ಚುಕಡಿಮೆ 60 ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಾಡಿಸಿಕೊಂಡು ಕರೆದುಕೊಂಡು ಹೋದರೆ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಕೌಂಟರಿನಲ್ಲಿ ಕೇಳಿದರೆ 'ಇನ್ನೇನು ಆಗುತ್ತೆ ಸರ್, ಕೂತಿರಿ'. ಮಧ್ಯಾಹ್ನ ಕೇಳಿದರೂ ಅದೇ. ಸಂಜೆ ಹೊತ್ತಿಗೆ 'ನಾಳೆ ಬನ್ನಿ'. ನಾಳೆಯೂ ಅದೇ ಕಾಗದ. ಆಮೇಲೆ ಶನಿವಾರ, ಭಾನುವಾರ, ಅದರ ಬೆನ್ನಿಗೆ ಒಂದು ಹಬ್ಬದ ರಜೆ.

ಇಷ್ಟೊಂದು ದಿನ ತಪ್ಪಿತಲ್ಲ, ಏನು ಮಾಡುತ್ತೀರಿ ಅಂತ ಕೇಳಿದೆ. 'ಕೊನೆಗೆ ಸೇರಿಸ್ತೀವಿ, 30 ಮುಗಿದರೆ ಆಯ್ತಲ್ವಾ' ಅಂದರು. ಆಗಲಿಲ್ಲ ರೀ. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ಮೂರು ನಾಲ್ಕು ವಾರ ಆದಮೇಲೆ, ಉಳಿದುಕೊಂಡ ಗಡ್ಡೆಯ ಜೀವಕಣಗಳು ಮೊದಲಿಗಿಂತ ಜೋರಾಗಿ ಬೆಳೆಯಲು ಶುರು ಮಾಡುತ್ತವೆ. ಆರು ವಾರದ ಚಿಕಿತ್ಸೆ ಏಳು ವಾರಕ್ಕೆ ಎಳೆದರೆ ಲೆಕ್ಕಕ್ಕೆ ಅದೇ 60 ಗ್ರೇ, ಕೆಲಸ ಮಾತ್ರ ಕಡಿಮೆ. ಒಂದು ದಿನ ಎಳೆದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಇಳಿಯುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ಇಂಥ ರೋಗಿಗಳನ್ನು ಮೊದಲ ದರ್ಜೆಯಲ್ಲಿ ಇಟ್ಟಿದೆ, ಇವರ ಚಿಕಿತ್ಸೆ ಎರಡು ದಿನಕ್ಕಿಂತ ಜಾಸ್ತಿ ಎಳೆಯಬಾರದು ಅನ್ನುತ್ತದೆ. ಗರ್ಭಕಂಠದ ಕ್ಯಾನ್ಸರ್ ಕೂಡ ಅದೇ ದರ್ಜೆ. ಇದನ್ನೆಲ್ಲ ನನಗೆ ಹೇಳಿದ್ದು ಅಪ್ಪನ ಆಸ್ಪತ್ರೆಯ ಫಿಸಿಸಿಸ್ಟ್ (ಕರೆಂಟಿನ ಲೆಕ್ಕ, ಮಷೀನು ನೋಡಿಕೊಳ್ಳುವವರು), ಅದೂ ನಾನು ಕೇಳುವ ಮುಂಚೆ, ಮೊದಲ ದಿನವೇ.

ಅಲ್ಲಿಯೂ ಮಷೀನು ಕೆಟ್ಟಿತ್ತು. ನಾವು ಮನೆ ಬಿಡುವ ಮುಂಚೆ ಫೋನ್ ಬಂತು: 'ಇವತ್ತು ಬರಬೇಡಿ, ಶನಿವಾರ ಬನ್ನಿ.' ಶನಿವಾರ ರಜೆ ಇದ್ದರೂ ಮಷೀನು ಓಡಿಸಿದರು, ಬಾಯಿ-ಗಂಟಲಿನವರನ್ನು ಮೊದಲು ಕರೆದರು. ಇನ್ನೊಂದು ಸಲ ರಜೆ ಅಡ್ಡ ಬಂದಾಗ ಒಂದೇ ದಿನ ಎರಡು ಸಿಟ್ಟಿಂಗ್ ಕೊಟ್ಟರು. ಎರಡರ ನಡುವೆ ಕಡಿಮೆ ಅಂದರೂ ಆರು ತಾಸು ಬಿಡಬೇಕಂತೆ, ಒಳ್ಳೆಯ ಜೀವಕಣಗಳು ಸುಧಾರಿಸಿಕೊಳ್ಳಲಿಕ್ಕೆ. ಅಷ್ಟು ಹೊತ್ತು ಅಪ್ಪನಿಗೆ ಮಲಗಲು ಒಂದು ಹಾಸಿಗೆ ಕೊಟ್ಟರು, ದುಡ್ಡು ಕೇಳಲಿಲ್ಲ. ಅಪ್ಪನದು ಆರು ವಾರಕ್ಕೇ ಮುಗಿಯಿತು.

ಇನ್ನು ಮಾಸ್ಕ್. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಕೊರೊನಾ ಮಾಸ್ಕ್ ಅಲ್ಲ. ತೂತು ತೂತಿನ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆದು ಹಿಡಿಯುತ್ತಾರೆ. ಸ್ವಲ್ಪ ಹೊತ್ತಿಗೆ ಅದು ಮೂಗು, ಗಲ್ಲ, ಭುಜದ ಆಕಾರಕ್ಕೆ ಗಟ್ಟಿಯಾಗುತ್ತದೆ. ದಿನಾ ಅದನ್ನೇ ಹಾಕಿ ಟೇಬಲ್ಲಿಗೆ ಕ್ಲಿಪ್ ಮಾಡುತ್ತಾರೆ, ತಲೆ ಅಲುಗಾಡಬಾರದು ಅಂತ. ಗುರುತಿನ ಗೆರೆಗಳೂ ಅದರ ಮೇಲೆಯೇ. ಈಗ ಬಾಯಿ ಹುಣ್ಣಾಗಿ ಊಟ ಇಳಿಯದೆ ಮುಖ ಸೊರಗುತ್ತದೆ ಅಲ್ವಾ, ಆಗ ಮಾಸ್ಕ್ ಸಡಿಲ. ಅಪ್ಪನ ಆಸ್ಪತ್ರೆಯ ಟೆಕ್ನಿಷಿಯನ್ ಹುಡುಗಿ ಒಂದು ದಿನ ಅಪ್ಪನ ಗಲ್ಲ ಮತ್ತು ಮಾಸ್ಕಿನ ನಡುವೆ ತನ್ನ ಕಿರುಬೆರಳು ತೂರಿಸಿ ನೋಡಿದಳು, ಬೆರಳು ಆರಾಮಾಗಿ ಒಳಗೆ ಹೋಯಿತು. ಅಲ್ಲಿಗೇ ನಿಲ್ಲಿಸಿ ಫಿಸಿಸಿಸ್ಟನ್ನು ಕರೆದಳು. ಹೊಸ ಮಾಸ್ಕ್, ಮತ್ತೆ ಸಿಟಿ ಸ್ಕ್ಯಾನ್, ಕರೆಂಟ್ ಎಲ್ಲಿ ಎಷ್ಟು ಬೀಳಬೇಕು ಅನ್ನುವ ಪ್ಲ್ಯಾನ್ ಮತ್ತೆ. ದೊಡ್ಡಪ್ಪನ ಗಲ್ಲ ಅದಕ್ಕಿಂತ ಒಳಗೆ ಹೋಗಿತ್ತು, ಮೊದಲ ದಿನದ ಮಾಸ್ಕ್ ಕೊನೆಯ ದಿನದವರೆಗೂ ನಡೆಯಿತು.

ಹಲ್ಲು: ಕರೆಂಟ್ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯುವುದು ಕಷ್ಟ, ಮೂಳೆ ಕೊಳೆಯಬಹುದು. ಅದಕ್ಕೇ ಅಪ್ಪನನ್ನು ಶುರು ಮಾಡುವ ಮುಂಚೆ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು. ಸತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜಿನಲ್ಲಿ ಹುಳುಕು ಹಲ್ಲು ತೆಗೆಸಿ, ಗಾಯ ಮಾಯುವ ತನಕ ಕಾದೆವು. ದೊಡ್ಡಪ್ಪನ ಹಲ್ಲನ್ನು ಯಾರೂ ನೋಡಲಿಲ್ಲ. ಈಗ ಒಂದು ಹಲ್ಲು ನೋಯುತ್ತಿದೆ, ಕೀಳಲು ಡಾಕ್ಟರುಗಳೇ ಹೆದರುತ್ತಾರೆ.

ವಾರಕ್ಕೊಮ್ಮೆ ಡಾಕ್ಟರ್ ನೋಡುವುದು ಎರಡೂ ಕಡೆ ಫೈಲಿನಲ್ಲಿದೆ. ದೊಡ್ಡಪ್ಪನ ಕಡೆ ಅಂದರೆ 'ಹೇಗಿದ್ದೀರಿ' ಅಂತ ಬಾಗಿಲಲ್ಲೇ ಕೇಳಿ ಸಹಿ. ಅಪ್ಪನ ಕಡೆ ಟಾರ್ಚ್ ಹಿಡಿದು ಬಾಯಿ ನೋಡಿ, ತೂಕ ಹಾಕಿ, ಉಪ್ಪು-ಸೋಡಾ ನೀರಿನಿಂದ ದಿನಕ್ಕೆ ಎಷ್ಟು ಸಲ ಮುಕ್ಕಳಿಸಿದಿರಿ ಅಂತ ಕೇಳಿ, ಸುಳ್ಳು ಹೇಳಿದರೆ ಬೈದು ಕಳಿಸುತ್ತಿದ್ದರು. ರೊಟ್ಟಿ ಬಿಡಿ, ಖಾರ ಬಿಡಿ, ಅಂಬಲಿ ಕುಡಿಯಿರಿ ಅಂತ ಹೇಳಿದ್ದೂ ಇವರೇ. ಅಪ್ಪನಿಗೆ ಬೈಸಿಕೊಂಡರೇ ಕೆಲಸ ಆಗುವುದು.

ದುಡ್ಡು. ಎರಡರ ಬಿಲ್ಲಿಗೂ ಒಂದು ಒಳ್ಳೆ ಎಮ್ಮೆ ಬರುವಷ್ಟು ವ್ಯತ್ಯಾಸ, ಅಪ್ಪನ ಆಸ್ಪತ್ರೆಯೇ ಅಗ್ಗ. ಹೊಸ ಮಾಸ್ಕಿಗೆ, ಎರಡನೇ ಸಿಟಿಗೆ ಬೇರೆ ಬಿಲ್ ಆಗಲಿಲ್ಲ, ಮೊದಲು ಹೇಳಿದ ರೇಟೇ ಕೊನೆಗೂ. ನಮ್ಮದು ಎಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದ್ದರೆ, ಎಪಿಎಲ್‌ಗೆ ಪ್ಯಾಕೇಜಿನ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿ. ಉಳಿದದ್ದು ಕೈಯಿಂದ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮೊದಲೇ ಮಾಡಿಸಿಡಿ, ಆಮೇಲೆ ಸುಮ್ನೆ ಅಲೆದಾಟ.

ಹುಬ್ಬಳ್ಳಿಯಲ್ಲೇ ಮನೆ ಇದ್ದು, ಆಫೀಸಿನ ಇನ್ಶೂರೆನ್ಸ್ ಇದ್ದವರಿಗೆ ದೊಡ್ಡಪ್ಪನ ಆಸ್ಪತ್ರೆ ನಡೆದೀತು. ಅಲ್ಲಿ ಐಸಿಯು ಒಳಗೇ ಇದೆ, ಕರೆಂಟ್ ಜೊತೆಗೆ ಕೀಮೋನೂ ನಡೆಯುವವರಿಗೆ ಅದು ಸಣ್ಣ ವಿಷಯ ಅಲ್ಲ. ನಮ್ಮದು ಹಾಗಲ್ಲ. ದಿನಾ ಬಸ್ಸು, ಕೈಯಿಂದ ದುಡ್ಡು, ರಾತ್ರಿ ಲಾಡ್ಜಿನಲ್ಲಿ ಉಳಿಯಲು ಒಪ್ಪದ ಅಪ್ಪ. ನಾಳೆ ಮನೆಯಲ್ಲಿ ಮತ್ತೆ ಯಾರಿಗಾದರೂ ಬೇಕಾದರೆ ಎರಡನೇ ಮಾತಿಲ್ಲದೆ ಅಪ್ಪನ ಆಸ್ಪತ್ರೆಗೇ ಹೋಗುತ್ತೇನೆ. ನೀವು ಎಲ್ಲಿಗೇ ಹೋಗಿ, ದುಡ್ಡು ಕಟ್ಟುವ ಮುಂಚೆ ಫಿಸಿಸಿಸ್ಟ್ ಯಾರು ಅಂತ ಹುಡುಕಿ, ಮಷೀನು ಕೆಟ್ಟರೆ ತಪ್ಪಿದ ದಿನವನ್ನು ಹೇಗೆ ತುಂಬುತ್ತೀರಿ ಅಂತ ಕೇಳಿ. ಬಾಯಿ ಗಂಟಲಿನ ಪೇಷಂಟಿಗೂ 'ಕೊನೆಗೆ ಸೇರಿಸ್ತೀವಿ' ಅಂದರೆ, ನಾನಾದರೆ ಫೈಲ್ ಎತ್ತಿಕೊಂಡು ಬಂದುಬಿಡುತ್ತೇನೆ.